ಓರೆಯಾಗಿ ಹತ್ತಿದ ತುಕ್ಕು

ಮೂರನೆಯ ಏಟಿಗೆ ಸುತ್ತಿಗೆಯ ದನಿ ಬದಲಾಯಿತು.

ಮೊದಲೆರಡು ಏಟು ಠಣ್ ಠಣ್ ಎಂದಿದ್ದವು. ಮೂರನೆಯದು ದಪ್ ಎಂದಿತು, ನೆನೆದ ಹಲಗೆಗೆ ಹೊಡೆದಂತೆ. ಜೀಪಿನ ಕೆಳಗೆ ಅಂಗಾತ ಮಲಗಿದ್ದ ಮಲಕಾರಿಯ ಮುಖದ ಮೇಲೆ ತುಕ್ಕಿನ ಪುಡಿ ಉದುರಿತು. ಅವನು ಕಣ್ಣು ಮುಚ್ಚಲಿಲ್ಲ. ಹದಿನಾಲ್ಕು ತಿಂಗಳಿಂದ ಹುಡುಕಿದ ಜೀಪು ಇದು. ಈಗ ಕಣ್ಣು ಮುಚ್ಚುವವನು ಅವನಲ್ಲ.

"ಏನಂತತೀಲೇ ನನ್ನ ಗಾಡಿ?" ಮೇಲಿನಿಂದ ದನಿ ಬಂತು.

"ಇನ್ನೂ ಮಾತಾಡಸಾಕತ್ತೇನ್ರಿ ಪಾಟೀಲ್ರ."

"ಹೆಣ್ಣ ನೋಡಾಕ ಬಂದಾಂವ ಇಷ್ಟ ಹೊತ್ತ ನೋಡಂಗಿಲ್ಲಲೇ ಮಗನ!"

ಅಂಗಳದಲ್ಲಿ ಇಬ್ಬರು ಮೂವರು ಆಳುಗಳು ನಕ್ಕರು. ಧಣಿ ಹೇಳಿದ್ದಕ್ಕೆ ನಗಲೇಬೇಕಾದವರ ನಗು ಅದು.

ಗಾಡಿಯ ಕೆಳಗೆ ಮಲಗಿದವನಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಕಾಲು ಮಾತ್ರ. ಬಲಕ್ಕೆ ನಿಂತಿದ್ದವು ಕರ್ ಕರ್ ಎನ್ನುವ ಕೊಲ್ಹಾಪುರಿ ಚಪ್ಪಲಿಗಳು. ಅವು ಭೀಮಗೊಂಡ ಪಾಟೀಲನವು. ಸದಲಗಾದ ಕಬ್ಬಿನ ಧಣಿ, ಜೀಪಿನ ಮಾಲೀಕ. ಎಡಕ್ಕೆ ಧೂಳು ತಿಂದ ಕ್ಯಾನ್ವಾಸ್ ಬೂಟುಗಳು. ಅವು ಕೊಳ್ಳಲು ಬಂದ ಧರೆಪ್ಪನವು. ಮಂಗಸೂಳಿಯಲ್ಲಿ ದ್ರಾಕ್ಷಿ ಬೆಳೆಯುವ ಮನುಷ್ಯ. ಬೆಳಿಗ್ಗೆ ನಿಪ್ಪಾಣಿಯ ಸ್ಟ್ಯಾಂಡಿನಲ್ಲಿ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಮಲಕಾರಿಯ ಕೈಗಿಟ್ಟವನು.

ಈ ಸೀಮೆಯಲ್ಲಿ ಯಾರೂ ಹಳೆಯ ಜೀಪನ್ನು ಬಣ್ಣ ನೋಡಿ ಕೊಳ್ಳುವುದಿಲ್ಲ. ಮಿಲಿಟರಿ ಹರಾಜಿನಿಂದ ಬಂದ ನಾಲ್ಕು ಗಾಲಿ ಎಳೆಯುವ ಜೀಪಾದರಂತೂ ಇಲ್ಲವೇ ಇಲ್ಲ. ಹೊಟ್ಟೆ ನೋಡುವವನನ್ನು ಜೊತೆಗೆ ಕರೆತರುತ್ತಾರೆ. ಅವನು ಕೆಳಗೆ ತೂರಿ, ಸುತ್ತಿಗೆಯಿಂದ ತಟ್ಟಿ, ಉಗುರಿನಿಂದ ಕೆರೆದು, ಹೊರಗೆ ಬರುತ್ತಾನೆ. ಬಾಯಿ ಬಿಡುವುದಿಲ್ಲ. ಒಬ್ಬರ ಅಂಗಳದಲ್ಲಿ ನಿಂತು ಅವರ ಗಾಡಿಯನ್ನು ಬಾಯಿಂದ ಹಳಿಯಬಾರದು. ಸುತ್ತಿಗೆಯನ್ನು ಬಾನೆಟ್ಟಿನ ಮೇಲಿಟ್ಟರೆ ಗಾಡಿ ಕೊಳ್ಳಬಹುದು. ನೆಲಕ್ಕಿಟ್ಟರೆ ಕೊಳ್ಳುವವನು ನೀರು ಕುಡಿದು ಎದ್ದು ಹೋಗುತ್ತಾನೆ.

ಮಲಕಾರಿಯ ಸುತ್ತಿಗೆ ಆರು ವರ್ಷದಲ್ಲಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಆದರೆ ಇವತ್ತು ಅವನು ಧರೆಪ್ಪನಿಗಾಗಿ ಮಾತ್ರ ಬಂದಿರಲಿಲ್ಲ. ಭೋಜದ ಹೊಳೆದಂಡೆಯಲ್ಲಿ ಕುರಿ ತರುಬಿದ್ದ ಅವನ ಅಕ್ಕ ಕೆಂಪವ್ವನ ಗಂಡ ಹಾಲಸಿದ್ದ ಒಂದು ಮುಂಜಾನೆ ಕಾಣೆಯಾಗಿದ್ದ. ಕುರಿ ಉಳಿದವು, ನಾಯಿ ಉಳಿಯಿತು, ಮನುಷ್ಯ ಇಲ್ಲ. ಕಬ್ಬಿನ ಹಾದಿಯಲ್ಲಿ ಹಸಿರು ಜೀಪೊಂದು ಓಡಿದ್ದನ್ನು ಸಗಣಿ ಆರಿಸುವ ಮುದುಕಿಯೊಬ್ಬಳು ನೋಡಿದ್ದಳು. ಆ ತಿಂಗಳೆಲ್ಲ ಪಾಟೀಲನ ಜೀಪು ಕೊಂಕಣದಲ್ಲಿತ್ತೆಂದು ಊರಿಗೆ ಊರೇ ಸಾಕ್ಷಿ ಹೇಳಿತ್ತು.

"ಕತಿ ಹೇಳಬ್ಯಾಡಲೇ. ಗಾಡಿ ತೋರಸ," ಎಂದು ಫೌಜದಾರ ಅವನನ್ನು ಮೂರು ಸಲ ಹೊರಗೆ ದಬ್ಬಿದ್ದ.

ಸೋಮವಾರ ಪಂಚರು ಕೂಡುತ್ತಾರೆ. ಹಾಲಸಿದ್ದ ಇನ್ನೊಬ್ಬಳ ಹಿಂದೆ ಓಡಿಹೋದನೆಂದು ತೀರ್ಮಾನವಾದರೆ, ಗಂಡನನ್ನು ಹಿಡಿದಿಡಲಾಗದವಳೆಂದು ಕೆಂಪವ್ವನ ಮೈದುನರು ಅವಳನ್ನೂ ಎರಡು ಹೆಣ್ಣುಮಕ್ಕಳನ್ನೂ ಹೊರಗೆ ಹಾಕುತ್ತಾರೆ. ಸತ್ತನೆಂದು ತೋರಿಸಿದರೆ ಮಾತ್ರ ಅವಳು ಆ ಮನೆಯ ಸೊಸೆ. ಗಂಡ ಸತ್ತಿರಲಿ ಎಂದು ಬೇಡಿಕೊಳ್ಳುವ ಗತಿ ಬಂದಿತ್ತು ಅಕ್ಕನಿಗೆ.

ಇವತ್ತು ಶುಕ್ರವಾರ.

ಮಲಕಾರಿ ಬೆರಳಿನಿಂದ ಚಾಸಿಯನ್ನು ಒರೆಸಿದ. ಕಪ್ಪಗೆ ಅಂಟಿತು. ಸುಟ್ಟ ಆಯಿಲ್. ಕಬ್ಬಿನ ಹಂಗಾಮು ಬಂದರೆ ಇಲ್ಲಿ ಎಲ್ಲರೂ ಗಾಡಿಯ ಹೊಟ್ಟೆಗೆ ಸುಟ್ಟ ಆಯಿಲ್ ಹೊಡೆಸುತ್ತಾರೆ, ಎರೆಮಣ್ಣು ಅಂಟಬಾರದೆಂದು. ಆದರೆ ಇಲ್ಲಿ ಒಂದು ಸಲ ಹೊಡೆದದ್ದಲ್ಲ. ಪದರದ ಮೇಲೆ ಪದರ. ತಪ್ಪು ಮಾಡಿದ ಕೈ ಹೊಡೆದಂತೆ.

ಅವನು ಕೆರೆದ. ಆಯಿಲ್ಲಿನ ಕೆಳಗೆ ತುಕ್ಕು ಇತ್ತು. ಉದ್ದಕ್ಕೂ ಕೆರೆಯುತ್ತ ಹೋದ.

ಹಿಂಬಾಗಿಲಿನ ಹಲಗೆಯ ಹತ್ತಿರ ತುಕ್ಕು ಮೇಲಿನ ತನಕ ಏರಿತ್ತು. ಹಿಂದಿನ ಗಾಲಿ ದಾಟಿದ ಮೇಲೆ ಇಳಿಯಿತು. ನಡುವಿಗೆ ಬರುವ ಹೊತ್ತಿಗೆ ನೆಲಹಾಸಿನ ತಗಡಿನ ಕೆಳಗೆ. ಮುಂದಿನ ಗಾಲಿಯ ಹತ್ತಿರ ಸತ್ತೇಹೋಯಿತು. ಅಲ್ಲಿಂದ ಮುಂದೆ ಕಬ್ಬಿಣ ಹೊಸದರಂತೆ.

ದಾರ ಹಿಡಿದು ಎಳೆದ ಹಾಗೆ ಓರೆಯಾದ ಗೆರೆ.



"ಪಾಟೀಲ್ರ," ಅವನು ಕೂಗಿದ, "ಇದಕ್ಕ ಇಷ್ಟ ಜಂಗ ಎಲ್ಲಿ ಹತ್ತೀತ್ರಿ?"

"ಕೊಂಕಣದಾಗ. ಹೋದ ವರ್ಷ ನಮ್ಮ ಬೀಗರು ಒಯ್ದಿದ್ರು. ಸಮುದ್ರದ ಗಾಳಿ. ಮನಶಾರಿಗೇ ಜಂಗ ಹಿಡೀತೈತಿ ಅಲ್ಲಿ, ಗಾಡಿದೇನ."

"ಹೌದ್ ಬಿಡ್ರಿ."

ಅವನು ಹಿಂದಿನ ಮೂಲೆಯಿಂದ ತುಕ್ಕಿನ ಒಂದು ಚಕ್ಕೆ ಕಿತ್ತು, ಆಯಿಲ್ ಒರೆಸಿ, ನಾಲಿಗೆಯ ಮೇಲಿಟ್ಟ. ಇದು ಅವನ ಉಸ್ತಾದ ಬಾಪುಸಾಹೇಬರು ಕಲಿಸಿದ್ದು. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಬಂದವನನ್ನು ನಿಪ್ಪಾಣಿಯ ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಇಟ್ಟುಕೊಂಡು, ಅಕ್ಷರ ತಲೆಗೆ ಹತ್ತದವನಿಗೆ ತುಕ್ಕು ಓದುವುದನ್ನು ಕಲಿಸಿದವರು. ಸಮುದ್ರದ ತುಕ್ಕು ಉಪ್ಪಗಿರುತ್ತದೆ, ವರ್ಷ ಕಳೆದರೂ. ಗಾಳಿ ಎಲ್ಲ ಕಡೆಯಿಂದ ಬರುವುದರಿಂದ ಅದು ಬಾಗಿಲ ಕೀಲನ್ನೂ ಗಾಜಿನ ಚೌಕಟ್ಟನ್ನೂ ಮೊದಲು ತಿನ್ನುತ್ತದೆ.

ಚಕ್ಕೆ ಚಪ್ಪೆಯಾಗಿತ್ತು. ಒಂದಿಷ್ಟೂ ಉಪ್ಪಿಲ್ಲ. ಬಾಗಿಲ ಕೀಲುಗಳನ್ನು ಅವನು ಬರುವಾಗಲೇ ನೋಡಿದ್ದ. ಹೊಳೆಯುತ್ತಿದ್ದವು.

ಚಾಸಿಯ ಹಿಂದಿನ ತೂತಿನಲ್ಲಿ ಬೆರಳು ಹಾಕಿ ಮಣ್ಣು ತೆಗೆದ. ನುಣ್ಣನೆಯ ಬೂದು ರಾಡಿ, ಒಣಗಿ ಹೆಪ್ಪುಗಟ್ಟಿದ್ದು. ಅದರಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಎರಡು ಶಂಖಹುಳುವಿನ ಚಿಪ್ಪು. ಕುರಿಗೆ ನೀರು ಕುಡಿಸುವಾಗ ಚಿಕ್ಕಂದಿನಿಂದ ಕಾಲಿಗೆ ಚುಚ್ಚಿದ ಚಿಪ್ಪುಗಳು ಅವು. ಹೊಳೆಯವು.

ಈ ಜೀಪು ಕೊಂಕಣ ಕಂಡಿರಲಿಲ್ಲ. ಮೂತಿ ಮೇಲೆ, ಹಿಂಭಾಗ ನೀರಲ್ಲಿ, ಹೊಳೆಯ ಇಳಿಜಾರಿನಲ್ಲಿ ದಿನಗಟ್ಟಲೆ ನಿಂತಿತ್ತು. ಊರು ಹಾಲಸಿದ್ದನನ್ನು ಹುಡುಕುತ್ತಿದ್ದಾಗ ಇದು ಜೇಕಿನ ಹುಲ್ಲಿನ ಮರೆಯಲ್ಲಿ ಮುಳುಗಿ ಕೂತಿತ್ತು.

ಅವನು ತೆವಳಿ ನಡುವಿಗೆ ಬಂದ. ಹಿಂದಿನ ಗಾಲಿಗಳನ್ನು ತಿರುಗಿಸುವ ಉದ್ದನೆಯ ಶಾಫ್ಟು ಅವನ ಎದೆಯ ಮೇಲೆಯೇ ಹಾದುಹೋಗಿತ್ತು. ಅದರ ಹಿಂದಿನ ಕೀಲಿನಲ್ಲಿ ಆಯಿಲ್ಲಿನ ದೊಡ್ಡ ಗಡ್ಡೆ. ಉಗುರು ಹಾಕಿದ. ಉಗುರಿಗೆ ಸಿಕ್ಕಿದ್ದು ಆಯಿಲ್ಲಲ್ಲ.

ಉಣ್ಣೆ.

ಹಗ್ಗದಂತೆ ಬಿಗಿಯಾಗಿ, ಸುತ್ತು ಸುತ್ತು. ಓಡುವ ಶಾಫ್ಟು ಕಂಬಳಿಯೊಂದನ್ನು ಹಿಡಿದು ತನಗೆ ಸುತ್ತಿಕೊಂಡಿತ್ತು. ಮೇಲಿನ ಪದರ ಕೆರೆದ. ಕರಿ ಉಣ್ಣೆ. ಅಂಚಿನಲ್ಲಿ ಎರಡೆಳೆ ಕೆಂಪು, ಒಂದೆಳೆ ಹಳದಿ.

ಕೆಂಪವ್ವ ತನ್ನ ಗಂಡನ ಕಂಬಳಿಗೆ ತಾನೇ ನೂತು ಹಾಕಿಸಿದ ಅಂಚು. ಮದುವೆಯ ವರ್ಷ ಮಲಕಾರಿಯೇ ಆ ಕೆಂಪು ಬಣ್ಣ ತಂದುಕೊಟ್ಟಿದ್ದ.

ಬರೀ ನೀರಿಗೆ ಬಿಟ್ಟಿದ್ದರೆ ಅದು ಕೊಳೆತು ಉದುರಿರುತ್ತಿತ್ತು. ತುಕ್ಕು ಮುಚ್ಚಲು ಹೊಡೆದ ಆಯಿಲ್ಲೇ ಉಣ್ಣೆಯನ್ನು ಉಪ್ಪಿನಕಾಯಿಯಂತೆ ಕಾಪಾಡಿತ್ತು. ಎಷ್ಟು ಸಲ ಮುಚ್ಚಿದ್ದರೋ ಅಷ್ಟು ಸಲ ಕಾಪಾಡಿದ್ದರು, ಸೂಳೇಮಕ್ಕಳು.

ಅದರ ಮೇಲೆಯೇ, ನೆಲಹಾಸಿನ ತಗಡಿಗೆ, ಅಂಗೈಯಗಲದ ಒಂದು ತೇಪೆ. ಮಲಕಾರಿ ಸುತ್ತಲೂ ತಟ್ಟಿದ. ಠಣ್, ಠಣ್, ಠಣ್. ತೂತಿಲ್ಲ, ತುಕ್ಕಿಲ್ಲ. ಗಟ್ಟಿ ಕಬ್ಬಿಣಕ್ಕೆ ಯಾರು ತೇಪೆ ಹಾಕುತ್ತಾರೆ? ಏನನ್ನೋ ಒಳಗಿಟ್ಟು ಮುಚ್ಚಬೇಕಾದವನು.

ವೆಲ್ಡಿಂಗು ಮೀನಿನ ಹುರುಪೆಯಷ್ಟು ಸಾಫು. ಬಲದಿಂದ ಎಡಕ್ಕೆ ಹರಿದಿತ್ತು. ಎಡಗೈಯವನ ಕೆಲಸ. ನಿಪ್ಪಾಣಿಯಿಂದ ಚಿಕ್ಕೋಡಿಯ ತನಕ ಎಡಗೈಯಲ್ಲಿ ಇಷ್ಟು ಚೆಂದ ಬೆಸೆಯುವವರು ಎಷ್ಟು ಜನ? ಮಲಕಾರಿಗೆ ಒಬ್ಬರೇ ಗೊತ್ತು. ಆ ಹೆಸರನ್ನು ಅವನು ಉಗುಳಿನ ಜೊತೆ ನುಂಗಿಬಿಟ್ಟ. ಅವರಲ್ಲ. ಅವರು ಇಂಥದಕ್ಕೆ ಕೈ ಹಾಕುವವರೇ ಅಲ್ಲ.

"ಧರೆಪ್ಪಣ್ಣಾ, ಬಿಸಲಾಗ ಯಾಕ ನಿಂತೀರಿ?" ಮೇಲೆ ಪಾಟೀಲನ ದನಿ ಜೇನಾಗಿತ್ತು. "ಒಳಗ ಹೋಗಿ ಮಜ್ಜಿಗಿ ಕುಡದ ಬರ್ರಿ. ನಮ್ಮ ಅಕ್ಕುತಾಯಿ ಕೊಡ್ತಾಳ."

"ಇವಾ ಒಬ್ಬಾವ ಕೆಳಗ ಅದಾನಲ್ರಿ."

"ನಾ ಇಲ್ಲೇನ? ಕಾಯತೇನಿ ಹೋಗ್ರಿ."

ಕ್ಯಾನ್ವಾಸ್ ಬೂಟುಗಳು ಹೋದವು. ಆಳುಗಳ ಬರಿಗಾಲುಗಳೂ ಒಂದು ಸನ್ನೆಗೆ ಹೋದವು.

ಕೊಲ್ಹಾಪುರಿ ಚಪ್ಪಲಿಗಳು ಕರ್ ಕರ್ ಎನ್ನುತ್ತ ಜೀಪಿನ ಹಿಂದಕ್ಕೆ ಬಂದವು. ಜ್ಯಾಕು ಅಲ್ಲಿತ್ತು. ಅದರ ಪಕ್ಕ, ಚಾಸಿಗೆ ಆಸರೆಯಾಗಿ ಮಲಕಾರಿ ತಾನೇ ಇಟ್ಟ ಜಾಲಿಯ ದಿಮ್ಮಿ. ಒಂದು ಚಪ್ಪಲಿ ಮೆಲ್ಲಗೆ ಎತ್ತಿಕೊಂಡಿತು. ದಿಮ್ಮಿಗೆ ಒದೆ ಬಿತ್ತು. ಅದು ಉರುಳಿ ದೂರ ಹೋಯಿತು.

ಇಡೀ ಜೀಪು ಈಗ ಒಂದೇ ಜ್ಯಾಕಿನ ಮೇಲೆ.

ಪಾಟೀಲ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. ತಲೆಕೆಳಗಾದ ಮುಖ, ಎಣ್ಣೆ ಹಚ್ಚಿದ ಮೀಸೆ, ಬಾಯ್ತುಂಬ ಎಲೆ.

"ಕೆಂಪವ್ವನ ತಮ್ಮ ಅಲ್ಲನ ನೀ?"

ಮಲಕಾರಿ ಸುತ್ತಿಗೆಯನ್ನು ತೊಡೆಯ ಪಕ್ಕಕ್ಕೆ ಎಳೆದುಕೊಂಡ.

"ನನಗ ಗೊತ್ತಿಲ್ಲಂತ ತಿಳದಿದ್ದೇನ? ಮುಂಜಾನೆ ಗೇಟಿನಾಗ ಬಂದಾಗ್ಲೇ ಕುರಿ ವಾಸನಿ ಬಂತ ನನಗ." ಅವನು ಎಲೆಯ ರಸ ಉಗುಳಿದ. ಅದು ಮಲಕಾರಿಯ ಕಿವಿಯ ಪಕ್ಕ ಬಿತ್ತು. "ಹ್ಯಾಂಗದಾಳ ಅಕ್ಕ? ಗಂಡ ಓಡಿಹೋದ ಮ್ಯಾಲ ರಾತ್ರಿ ನಿದ್ದಿ ಬರತೈತೋ ಇಲ್ಲೋ? ಬರದಿದ್ರ ನಮ್ಮ ತ್ವಾಟಕ್ಕ ಕಳಸ. ಕಬ್ಬಿನ ರವದಿ ಆರಸಾಕ."

ಮಲಕಾರಿಯ ಕೈ ಸುತ್ತಿಗೆಯ ಹಿಡಿಕೆಯನ್ನು ಹಿಸುಕಿತು. "ಓಡಿಹೋಗಿಲ್ರಿ ಅಂವ."

"ಮತ್ತ?"

"ನಿಮಗ ಗೊತ್ತೈತ್ರಿ."

"ನನಗೇನ ಗೊತ್ತಲೇ? ಕುರಿ ನನ್ನ ಕಬ್ಬಿಗೆ ಬಿಟ್ಟಿದ್ದ, ಅಷ್ಟ ಗೊತ್ತು. ಬೆಳದ ಕಬ್ಬ. ಒಂದ್ ಸಲ ಹೇಳಿದ್ನಿ. ಎರಡ್ ಸಲ ಹೇಳಿದ್ನಿ. ಮೂರನೇ ಸಲ ಹೇಳಾಕ ನಾ ಸಾಲಿ ಮಾಸ್ತರ ಅಲ್ಲ." ಪಾಟೀಲ ನಕ್ಕ. ಅವನ ಕೈ ಜ್ಯಾಕಿನ ಹಿಡಿಕೆಗೆ ಹೋಯಿತು. "ಏನೇನ ನೋಡಿದಿ ಒಳಗ?"

"ಜಂಗ ನೋಡಿದ್ನಿ."

"ಅಷ್ಟ?"

"ಅಷ್ಟ ರೀ."

ಹಿಡಿಕೆ ಅರ್ಧ ಸುತ್ತು ತಿರುಗಿತು. ಸುಸ್ ಎಂದಿತು ಜ್ಯಾಕು. ಜೀಪು ಎರಡು ಬೆರಳಷ್ಟು ಇಳಿಯಿತು. ಶಾಫ್ಟಿನ ಕೀಲು ಮಲಕಾರಿಯ ಎದೆಗೂಡನ್ನು ಮುಟ್ಟಿತು, ಉಣ್ಣೆಯ ಗಡ್ಡೆಯ ಸಮೇತ. ಭಾವನ ಕಂಬಳಿ ಎದೆಯ ಮೇಲೆ. ಅದರ ಮೇಲೆ ಒಂದು ಟನ್ ಕಬ್ಬಿಣ.

"ಉಸರ ಸಣ್ಣಗ ತಗೋ," ಪಾಟೀಲ ಮಗುವಿಗೆ ಹೇಳುವಂತೆ ಹೇಳಿದ. "ದೊಡ್ಡ ಉಸರ ತಗೊಂಡ್ರ ಎಲುವ ಮುರೀತಾವ. ಈಗ ಕೇಳ. ಹೊರಗ ಬಂದ ಹಾತೋಡಿ ನೆಲಕ್ಕಿಡ. ಧರೆಪ್ಪ ವಾಪಸ್ ಹೋಗ್ಲಿ. ಈ ಗಾಡಿ ಮಾರೂದು ನನ್ನ ತಮ್ಮನ ಹುಚ್ಚು. ಅವನ ಮಾತಿಗೆ ಒಂದ್ ಗಿರಾಕಿ ತೋರಸಿದಂಗ ಆತು. ಸಂಜೀಕ ಇದು ತುಂಡ ತುಂಡ. ಗ್ಯಾಸ್ ಕಟ್ಟರ್ ಬಂದೈತಿ, ಅಲ್ಲಿ ನೋಡ, ಬೇವಿನ ಗಿಡದ ಬುಡಕ."

ಮಲಕಾರಿ ಕುತ್ತಿಗೆ ಹೊರಳಿಸಿದ. ಬೇವಿನ ಬುಡದಲ್ಲಿ ಎರಡು ಕಬ್ಬಿಣದ ಸಿಲಿಂಡರುಗಳ ತಳ ಕಂಡಿತು.

"ಕತ್ತರಸಾಂವ ಒಳಗ ಉಣ್ಣಾಕತ್ತಾನ. ಉಂಡ ಬರೂತನಕ ನಿನಗ ಟೈಮ್ ಐತಿ. ತಿಳೀತ?"

"ತಿಳೀತ್ರಿ."

"ಶ್ಯಾಣ್ಯಾ ಅದಿ. ನಿಮ್ಮ ಭಾವಗ ತಿಳೀಲಿಲ್ಲ."

ಜ್ಯಾಕು ಮತ್ತೆ ಏರಿತು. ಕ್ಯಾನ್ವಾಸ್ ಬೂಟುಗಳ, ಅವುಗಳ ಹಿಂದೆಯೇ ಆಳುಗಳ ಬರಿಗಾಲುಗಳ ಸದ್ದು ಕೇಳಿದಾಗ ಪಾಟೀಲ ಆಗಲೇ ಎದ್ದು ನಿಂತು, ಮಳೆಯ ಬಗ್ಗೆ ಮಾತಾಡುತ್ತಿದ್ದ.

ಮಲಕಾರಿ ಕೆಳಗೇ ಒಂದು ಗಳಿಗೆ ಮಲಗಿದ. ಉಣ್ಣೆಯ ಒಂದು ಚೂರನ್ನು ಕಿತ್ತು ಒಯ್ಯಬಹುದಿತ್ತು. ಅದರಿಂದೇನು? ಚೂರು ಉಣ್ಣೆ ಯಾವ ಕುರುಬನ ಮನೆಯಲ್ಲಾದರೂ ಸಿಕ್ಕುತ್ತದೆ. ಅದು ಈ ಶಾಫ್ಟಿನ ಮೇಲೆ, ಈ ಓರೆ ಗೆರೆಯ ಕೆಳಗೆ, ಈ ತೇಪೆಯ ಪಕ್ಕದಲ್ಲೇ ಇರಬೇಕು. ಜೀಪು ಇಡಿಯಾಗಿ ಫೌಜದಾರನ ಮುಂದೆ ನಿಲ್ಲಬೇಕು.

ಸುತ್ತಿಗೆ ನೆಲಕ್ಕಿಟ್ಟರೆ ಸಂಜೆಗೆ ಎಲ್ಲವೂ ತುಂಡು. ಬಾನೆಟ್ಟಿನ ಮೇಲಿಟ್ಟರೆ ಜೀಪು ಈಗಲೇ ಗೇಟು ದಾಟುತ್ತದೆ. ಮಾತು ಮುಗಿದ ಮೇಲೆ ಧರೆಪ್ಪನಂಥವನ ಮುಂದೆ, ಆಳುಗಳೆದುರು, ಪಾಟೀಲನೂ ತಡೆಯಲಾರ.

ಆದರೆ ಮೂರನೆಯ ಏಟು. ದಪ್ ಎಂದ ಆ ಜಾಗ. ಹಿಂದಿನ ಗಾಲಿಯ ಪಾಟಾ, ಆ ಪಟ್ಟಿ ಸ್ಪ್ರಿಂಗು, ಚಾಸಿಗೆ ಕೂರುವ ಮೂಲೆ ಒಳಗಿನಿಂದ ಹಪ್ಪಳವಾಗಿತ್ತು. ಒಂದು ಒಳ್ಳೆಯ ಗುಂಡಿ ಸಾಕು, ಗಾಲಿ ಮುರಿದು ಗಾಡಿ ಪಲ್ಟಿ ಹೊಡೆಯಲು. ಬರುವಾಗ ಧರೆಪ್ಪ ಹಾದಿಯುದ್ದಕ್ಕೂ ಹೇಳಿದ್ದ, ಮಗಳು ತುಳಸವ್ವ ಎಂಟು ತಿಂಗಳ ಬಸುರಿ, ಹೊಲದ ಮನೆಯಿಂದ ಅವಳನ್ನು ಮಿರಜಿನ ದವಾಖಾನೆಗೆ ಒಯ್ಯಲು ಈ ರಾಡಿಯ ಹಾದಿಗೆ ಬೇರೆ ಗಾಡಿ ಆಗದು ಎಂದು.

ಊರು ದಾಟಿದ ಕೂಡಲೇ ಹೇಳಿಬಿಡುತ್ತೇನೆ, ಎಂದುಕೊಂಡ ಮಲಕಾರಿ. ಕಾಲು ಹಿಡಿದು ಹೇಳುತ್ತೇನೆ. ಬೇಕಾದರೆ ಹೊಡೆಯಲಿ.

ಹೊರಗೆ ತೆವಳಿದ. ಬಿಸಿಲು ಕಣ್ಣಿಗೆ ಹೊಡೆಯಿತು. ಅಂಗಳದಲ್ಲಿ ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಪಾಟೀಲ ಎಲೆ ಜಗಿಯುವುದನ್ನು ನಿಲ್ಲಿಸಿದ್ದ.

ಮಲಕಾರಿ ನಡೆದುಹೋಗಿ ಸುತ್ತಿಗೆಯನ್ನು ಬಾನೆಟ್ಟಿನ ಮೇಲಿಟ್ಟ.

ಧರೆಪ್ಪನ ಮುಖ ಅರಳಿತು. "ಅದ ನೋಡಪಾ! ನಾ ಅಂದಿದ್ನಿ, ನಮ್ಮ ದೇವರು ಮಲ್ಲಯ್ಯ ಕೈ ಬಿಡಂಗಿಲ್ಲಂತ." ಅವನು ಮಲಕಾರಿಯ ಎಣ್ಣೆಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿನ್ನ ಹಾತೋಡಿ ಮ್ಯಾಲ ನನ್ನ ಮಗಳನ್ನ ಕುಂಡ್ರಸತೇನಿ ತಮ್ಮಾ."

ಮಲಕಾರಿ ಅವನ ಕಣ್ಣು ತಪ್ಪಿಸಿ ಗೇಟಿನ ಕಡೆ ನೋಡಿದ.

ಪಾಟೀಲನ ಕಪಾಳದ ನರವೊಂದು ಕುಣಿಯಿತು. ಆದರೆ ಹತ್ತು ಕಣ್ಣುಗಳ ಎದುರು ಅವನೇನು ಹೇಳಿಯಾನು? ನನ್ನ ಗಾಡಿ ಕೆಟ್ಟದ್ದು ಎಂದೇ? ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಮಲಕಾರಿ ಒಂದು ಸುಖದ ಉಸಿರು ಎಳೆದ.

"ಕೀಲಿ ಕೊಡ್ರಿ ಪಾಟೀಲ್ರ," ಎಂದ ಧರೆಪ್ಪ.

"ತಡೀರಿ."

ಆ ದನಿ ಪಾಟೀಲನದಲ್ಲ. ಪಡಸಾಲೆಯ ಮೆಟ್ಟಿಲಿನಿಂದ ಬಂದಿತ್ತು.

ಉಂಡ ಬಾಯನ್ನು ಟಾವೆಲ್ಲಿನಿಂದ ಒರೆಸುತ್ತ ಒಬ್ಬ ಮುದುಕ ಇಳಿದು ಬಂದ. ತಲೆಗೆ ಖಾದಿ ಟೊಪ್ಪಿಗೆ, ಬಲಗೈಯಲ್ಲಿ ಹೆಬ್ಬೆರಳಿನ ಹೊರತು ಬೆರಳಿಲ್ಲ. ಆ ಬೆರಳುಗಳು ಯಾವ ಯಂತ್ರದಲ್ಲಿ ಹೋದವೆಂದು ಮಲಕಾರಿಗೆ ಗೊತ್ತು. ಆ ಕೈಗೆ ಹತ್ತು ವರ್ಷ ಅವನೇ ನೀರು ಹಾಕಿದ್ದ.

ಬಾಪುಸಾಹೇಬ ಉಸ್ತಾದರು.

ಮಲಕಾರಿ ಬೇವಿನ ಬುಡದ ಸಿಲಿಂಡರುಗಳನ್ನು ಈಗ ಪೂರ್ತಿ ನೋಡಿದ. ಕೊರಳಿಗೆ ಬಿಳಿ ಪಟ್ಟಿ. ಹೋದ ದೀಪಾವಳಿಗೆ ಅವನೇ ಬಳಿದದ್ದು.

ಉಸ್ತಾದರು ಯಾರ ಮುಖವನ್ನೂ ನೋಡಲಿಲ್ಲ. ಜೀಪಿನ ಹಿಂದೆ ಹೋಗಿ ಬಗ್ಗಿ, ಬೆರಳ ಗೆಣ್ಣಿನಿಂದ ಒಂದೇ ಜಾಗಕ್ಕೆ ತಟ್ಟಿದರು. ದಪ್. ಅಂಗಳಕ್ಕೆಲ್ಲ ಕೇಳಿತು.

"ಇವಾ ನನ್ನ ಕೈಯಾಗ ಕಲತ ಹುಡುಗ," ಅವರು ಧರೆಪ್ಪನಿಗೆ ಹೇಳಿದರು. "ಇದು ಇವಗ ಕೇಳಸಿಲ್ಲ ಅನ್ನಾಕ ಸಾಧ್ಯ ಇಲ್ರಿ. ಗೊತ್ತಿದ್ದ ಸುಳ್ಳ ಹೇಳ್ಯಾನ. ಮಗಳನ್ನ ಇದರಾಗ ಕುಂಡ್ರಸಿದ್ರ ಹೆಣಾ ಇಳಸ್ತಿದ್ರಿ."

ಅವರು ಬಾನೆಟ್ಟಿನ ಮೇಲಿನ ಸುತ್ತಿಗೆಯನ್ನು ಎತ್ತಿದರು. ಎಡಗೈಯಿಂದ. ಎತ್ತಿ, ನೆಲಕ್ಕಿಟ್ಟರು.

ಧರೆಪ್ಪ ಹಿಡಿದಿದ್ದ ಕೈ ಬಿಟ್ಟ. ಬೈಯಲಿಲ್ಲ. ಬೈದಿದ್ದರೆ ಮಲಕಾರಿ ಬದುಕುತ್ತಿದ್ದ. "ನನ್ನ ರೊಟ್ಟಿ ತಿಂದಿಯಲ್ಲೋ ತಮ್ಮಾ," ಎಂದಷ್ಟೇ ಅಂದು, ತನ್ನ ಅಂಗೈಗೆ ಅಂಟಿದ ಎಣ್ಣೆಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಗೇಟಿನ ಕಡೆ ನಡೆದ.

"ಧರೆಪ್ಪಣ್ಣಾ! ಕೆಳಗ ಬಗ್ಗಿ ನೋಡ್ರಿ, ಶಾಫ್ಟಿನ ಮ್ಯಾಲ..." ಮಲಕಾರಿ ಅರಚಿದ. ಸುಳ್ಳು ಹೇಳಿದವನ ಮಾತಿಗೆ ಆ ಬೂಟುಗಳು ನಿಲ್ಲಲಿಲ್ಲ.

ಪಾಟೀಲ ಮತ್ತೆ ಎಲೆ ಜಗಿಯತೊಡಗಿದ. ಆಳುಗಳು ಸಿಲಿಂಡರು ಉರುಳಿಸಿಕೊಂಡು ಬಂದರು.

ಮಲಕಾರಿ ಉಸ್ತಾದರ ಅಂಗಿಯ ಕೊರಳಪಟ್ಟಿ ಹಿಡಿದ. ಹಿಡಿಯಬಾರದ ಕೊರಳು ಅದು. ಆದರೂ ಹಿಡಿದ. "ಆ ತ್ಯಾಪಿ ನಿಮ್ಮದು," ಎಂದ. "ಎಡಗೈ ವೆಲ್ಡಿಂಗ್. ಎಷ್ಟಕ್ಕ ಮಾರಕೊಂಡ್ರಿ ಕೈ? ಪಾಟೀಲ ಹೇಳಿದ್ನೇನ ಹಾಕಂತ?"

ಮುದುಕ ಅವನ ಕೈಯನ್ನು ಬಿಡಿಸಲಿಲ್ಲ. ಕಟ್ಟರಿನ ಮೂತಿಗೆ ಕಡ್ಡಿ ಗೀರಿದ. ನೀಲಿ ಉರಿ ಸಿಳ್ಳು ಹಾಕುತ್ತ ಎದ್ದಿತು. ಆ ಸದ್ದಿನ ಮರೆಯಲ್ಲಿ, ಮಲಕಾರಿಗೆ ಮಾತ್ರ ಕೇಳುವಂತೆ, ಕಿವಿಗೆ ಬಾಯಿ ಹಚ್ಚಿ ಹೇಳಿದ:

"ಪಾಟೀಲಗ ಆ ತ್ಯಾಪಿ ಐತಂತ ಇವತ್ತಿನ ತನಕಾನೂ ಗೊತ್ತಿಲ್ಲ. ಒಳಗ ಮುಚ್ಚಿದ್ದು ಫೌಜದಾರಗ ಸಿಕ್ರ ಜೇಲಿಗೆ ಹೋಗಾಕಿ ಅದನ್ನ ಮುಚ್ಚಿಸಿದಾಕಿ, ಅದಕ್ಕ ಗಾಡಿ ಹೊರಗ ಬಿಡಲಿಲ್ಲ. ಅದನ್ನ ಹಾಕ್ರಿ ಅಂತ ನನ್ನ ಕಾಲ ಹಿಡದ ಅತ್ತಾಕಿ ನಿಮ್ಮ ಅಕ್ಕ, ಕೆಂಪವ್ವ."